ಬಾಗಿಲು ತೆರೆದ ಯಂತ್ರ

ಕಲಬುರಗಿ ನಗರದ ಹಳೆಯ ಬಡಾವಣೆಗಳಲ್ಲಿ ಶಹಾಬಜಾರವೂ ಒಂದು. ಬಹಮನಿ ಸುಲ್ತಾನರ ಕಾಲದ ಮಸೀದಿಯೊಂದು ಇಲ್ಲಿದೆ; ಸುಲಫಲ ಮಠವೂ ಇಲ್ಲಿಯೇ ಇದೆ. ಇಂತಹ ಪೇಟೆಯಲ್ಲಿ ಸೈಕಲ್ ರಿಪೇರಿಯ ಅಂಗಡಿಯೊಂದನ್ನೂ, ಶಾಲೆ ಬಿಟ್ಟ ಮೇಲೆ ಅದರ ಮುಂದೆ ನಿಂತು ನೋಡುವ ಹುಡುಗನೊಬ್ಬನನ್ನೂ ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಅಂಗಡಿಯಾತ ಗಾಲಿಯನ್ನು ಕಳಚುತ್ತಾನೆ, ಅಚ್ಚನ್ನು ಬಿಚ್ಚುತ್ತಾನೆ, ಉಕ್ಕಿನ ಗುಂಡುಗಳನ್ನು ಎಣ್ಣೆಯಲ್ಲಿ ತೊಳೆದು, ಗ್ರೀಸು ಹಚ್ಚಿ, ಮತ್ತೆ ಕೂಡಿಸುತ್ತಾನೆ. ಒಂದು ತಿಂಗಳು ಹೀಗೆ ನೋಡುತ್ತ ನಿಂತ ಹುಡುಗನು ಎರಡನೆಯ ತಿಂಗಳಲ್ಲಿ ತನ್ನ ಸೈಕಲ್ಲಿನ ಪಂಕ್ಚರನ್ನು ತಾನೇ ತಿದ್ದಿಕೊಳ್ಳುತ್ತಾನೆ. ಸೈಕಲ್ಲು ತನ್ನ ಗುಟ್ಟನ್ನು ಯಾರಿಂದಲೂ ಮರೆಮಾಚುವುದಿಲ್ಲ. ಕಣ್ಣಿಟ್ಟು ನೋಡುವವನಿಗೆ ಅದೇ ಗುರು.

ಆ ಹುಡುಗನ ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ಅದರ ಮುಚ್ಚಳವನ್ನು ತೆಗೆದು ನೋಡಿದರೂ ಅದು ಹೇಗೆ ಕೆಲಸ ಮಾಡುತ್ತದೆ ಎಂಬುದು ತಿಳಿಯುವುದಿಲ್ಲ. "ಇದನ್ನ ಹ್ಯಾಂಗ ಬಿಚ್ಚಿ ನೋಡೋದು, ಕಾಕಾ?" ಎಂದು ಅವನು ಕೇಳಿದರೆ, ಸೈಕಲ್ ಅಂಗಡಿಯಾತ ನಕ್ಕು, "ಬಿಚ್ಚಿ ನೋಡ್ಲಾಕ ಬರಲಾರದ್ದು ಪೂರಾ ನಮ್ದಲ್ಲ, ತಮ್ಮಾ" ಎನ್ನಬಹುದು. ಓದುಬರಹ ಹೆಚ್ಚು ಬಾರದವನ ಬಾಯಿಂದ ಬಂದರೂ ಈ ಮಾತಿನಲ್ಲಿ ಈ ಯುಗದ ದೊಡ್ಡ ಪ್ರಶ್ನೆಯೊಂದು ಅಡಗಿದೆ. ಹಣ ಕೊಟ್ಟು ಕೊಂಡ ಯಂತ್ರವು ನಿಜವಾಗಿ ಯಾರದು? ಕೊಂಡವನದೋ, ಅದರ ಗುಟ್ಟನ್ನು ಬಲ್ಲವನದೋ?

ಕಂಪ್ಯೂಟರಿನಲ್ಲಿ ಕಣ್ಣಿಗೆ ಕಾಣುವ ಭಾಗ ಯಂತ್ರಾಂಶ. ಅದನ್ನು ನಡೆಯಿಸುವ ಸೂಚನೆಗಳ ಸರಣಿ ತಂತ್ರಾಂಶ. ಈ ಸೂಚನೆಗಳನ್ನು ಮನುಷ್ಯನು ಓದಬಲ್ಲ ರೂಪದಲ್ಲಿ ಮೊದಲು ಬರೆಯುತ್ತಾರೆ. ಅದಕ್ಕೆ ಆಕರ ಸಂಕೇತ ಎಂದು ಹೆಸರು. ಆಮೇಲೆ ಅದನ್ನು ಯಂತ್ರವು ಮಾತ್ರ ಗ್ರಹಿಸಬಲ್ಲ ಅಂಕಿಗಳ ರೂಪಕ್ಕೆ ಪರಿವರ್ತಿಸುತ್ತಾರೆ. ಅನೇಕ ಸಂಸ್ಥೆಗಳು ಆಕರ ಸಂಕೇತವನ್ನು ತಮ್ಮಲ್ಲಿಯೇ ಇಟ್ಟುಕೊಂಡು ಎರಡನೆಯ ರೂಪವನ್ನು ಮಾತ್ರ ಮಾರುತ್ತವೆ. ಹೀಗೆ ಕೊಂಡವನು ಅದನ್ನು ಬಳಸಬಹುದೇ ಹೊರತು ಓದಲಾರನು, ತಿದ್ದಲಾರನು, ನೆರೆಯವನಿಗೆ ಹಂಚಲೂ ಆರನು. ಅಡಿಗೆಯನ್ನು ಉಣ್ಣಬಹುದು, ಮಾಡುವ ವಿಧಾನವನ್ನು ಮಾತ್ರ ಕೇಳಬಾರದು ಎಂಬಂತಹ ಕಟ್ಟಳೆ ಇದು.

ಈ ಕಟ್ಟಳೆಯನ್ನು ಒಪ್ಪದವರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಪ್ರಮುಖರು. ಬಳಸುವ, ಅಭ್ಯಸಿಸುವ, ತಿದ್ದುವ ಮತ್ತು ಹಂಚುವ ಸ್ವಾತಂತ್ರ್ಯ ಬಳಕೆದಾರನಿಗೆ ಇರಬೇಕೆಂದು ಸಾರಿ, ಅವರು 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಪ್ರಕಟಿಸಿದರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಎಂಬ ತಿರುಳನ್ನು ರಚಿಸಿದನು. ಯಂತ್ರಾಂಶಕ್ಕೂ ಇತರ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ಹಂಚುವ ಮೂಲಭಾಗವೇ ತಿರುಳು. ಆಗ ಅವನ ವಯಸ್ಸು 21 ವರ್ಷ. 1992ರಲ್ಲಿ ಅವನು ಅದನ್ನು ಗ್ನೂ ಯೋಜನೆಯ ಸಾರ್ವಜನಿಕ ಪರವಾನಿಗೆಗೆ ಒಳಪಡಿಸಿದನು. ಪಡೆದವನು ತಾನು ತಿದ್ದಿದುದನ್ನು ಇತರರಿಗೆ ಕೊಡುವಾಗ ಆಕರ ಸಂಕೇತವನ್ನೂ ಕೊಡಬೇಕು ಎಂಬುದೇ ಆ ಪರವಾನಿಗೆಯ ಮುಖ್ಯ ಷರತ್ತು. ಒಬ್ಬ ವಿದ್ಯಾರ್ಥಿಯ ಹವ್ಯಾಸವಾಗಿ ಹುಟ್ಟಿದ ಈ ಕೃತಿಯು ಸಹಸ್ರಾರು ಜನರ ಕೈಯಲ್ಲಿ ಬೆಳೆಯಿತು. 2017ರ ನವೆಂಬರಿನಿಂದೀಚೆಗೆ ಜಗತ್ತಿನ ಅತಿವೇಗದ 500 ಕಂಪ್ಯೂಟರುಗಳ ಪಟ್ಟಿಯಲ್ಲಿ ಇರುವುವೆಲ್ಲವೂ ಲಿನಕ್ಸಿನಿಂದಲೇ ನಡೆಯುತ್ತಿವೆ. ಆಂಡ್ರಾಯ್ಡ್ ಮೊಬೈಲುಗಳ ಒಳಗಿರುವ ತಿರುಳೂ ಇದೇ.

ಕೇವಲ ತಿರುಳಿನಿಂದ ಕಂಪ್ಯೂಟರ್ ಬಳಕೆಗೆ ಬರುವುದಿಲ್ಲ. ಅದರೊಡನೆ ಬರೆಯುವ, ಲೆಕ್ಕ ಮಾಡುವ, ಚಿತ್ರ ಬಿಡಿಸುವ ತಂತ್ರಾಂಶಗಳು ಕೂಡಬೇಕು. ಹೀಗೆ ಒಟ್ಟುಗೂಡಿಸಿದ ಕಟ್ಟಿಗೆ ವಿತರಣೆ ಎನ್ನುತ್ತಾರೆ. 1993ರಲ್ಲಿ ಆರಂಭವಾದ ಡೆಬಿಯನ್, ಅದನ್ನೇ ಆಧರಿಸಿ 2004ರಲ್ಲಿ ಹೊರಬಂದ ಉಬುಂಟು, ಭಾರತದ ಸಿಡಾಕ್ ಸಂಸ್ಥೆಯು ರೂಪಿಸಿದ ಬಾಸ್ ಇವು ಅಂತಹ ವಿತರಣೆಗಳು. ಇವುಗಳ ಸಂಖ್ಯೆ ನೂರಾರು. ಇಷ್ಟೇಕೆ ಬೇಕು, ಎಲ್ಲರೂ ಕೂಡಿ ಒಂದನ್ನೇ ಮಾಡಬಾರದೆ ಎಂದು ಹೊಸಬರು ಕೇಳುವುದುಂಟು. ಕಲಬುರಗಿಯ ಸೀಮೆಯ ಜೋಳವೇ ಇದಕ್ಕೆ ಉತ್ತರ ಹೇಳುತ್ತದೆ. ಜೋಳ ಒಂದೇ ಆದರೂ ಒಂದು ಮನೆಯಲ್ಲಿ ಬಿಸಿರೊಟ್ಟಿ, ಇನ್ನೊಂದರಲ್ಲಿ ತಿಂಗಳುಗಟ್ಟಲೆ ಕೆಡದ ಕಡಕ್ ರೊಟ್ಟಿ, ಮತ್ತೊಂದರಲ್ಲಿ ನುಚ್ಚು, ಅಂಬಲಿ. ಹೊಲಕ್ಕೆ ಹೋಗುವವನ ಬುತ್ತಿ ಬೇರೆ, ಕಾಯಿಲೆಯವನ ಊಟ ಬೇರೆ. ಅಂತೆಯೇ ಹಳೆಯ ಯಂತ್ರಕ್ಕೆ ಹಗುರವಾದ ವಿತರಣೆ, ಶಾಲೆಗೆ ಪಾಠೋಪಕರಣಗಳುಳ್ಳ ವಿತರಣೆ, ಆಟವಾಡುವವನಿಗೆ ಮತ್ತೊಂದು. ಆಯ್ಕೆ ಹೆಚ್ಚಾದಾಗ ಗೊಂದಲವೂ ಹೆಚ್ಚುತ್ತದೆ ಎಂಬುದು ನಿಜ. ಆದರೂ ಆಯ್ಕೆಯೇ ಇಲ್ಲದಿರುವುದಕ್ಕಿಂತ ಆ ಗೊಂದಲ ಮೇಲು.

ಈ ಸ್ವಾತಂತ್ರ್ಯದ ಬೆಲೆ ಸಂಕಟ ಬಂದಾಗ ತಿಳಿಯುತ್ತದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10 ಎಂಬ ವ್ಯವಸ್ಥೆಗೆ ಅದರ ತಯಾರಕರ ಸಾಮಾನ್ಯ ಬೆಂಬಲ ಮುಗಿಯಿತು. ಅದರ ಮುಂದಿನ ವಿಂಡೋಸ್ 11 ಕೆಲಸ ಮಾಡಲು ಹೊಸ ಬಗೆಯ ಸಂಸ್ಕಾರಕವೂ ವಿಶೇಷ ಭದ್ರತಾ ಚಿಪ್ಪೂ ಬೇಕು. ಕೆಡದೆ, ಮುರಿಯದೆ ಚೆನ್ನಾಗಿದ್ದ ಎಷ್ಟೋ ಯಂತ್ರಗಳು ಹೀಗೆ ಹಳತೆನಿಸಿಕೊಂಡವು. ಶಹಾಬಜಾರದ ಹುಡುಗನ ತಂದೆ ಕೂಡಿಟ್ಟ ಹಣದಿಂದ ಕೊಂಡ ಕಂಪ್ಯೂಟರ್ ಅಂತಹದೇ ಒಂದಾಗಿದ್ದರೆ, ಅದು ಗುಜರಿಗೆ ಹೋಗಬೇಕೆ? ಹಗುರವಾದ ಲಿನಕ್ಸ್ ವಿತರಣೆಯೊಂದನ್ನು ಅದರಲ್ಲಿ ಅಳವಡಿಸಿದರೆ ಅದು ಇನ್ನೂ ಕೆಲವು ವರ್ಷ ದುಡಿಯಬಲ್ಲದು. ಕನ್ನಡಕ್ಕೂ ಇದರಿಂದ ಲಾಭವಿದೆ. ಆಕರ ಸಂಕೇತ ತೆರೆದಿರುವುದರಿಂದ ಕನ್ನಡದ ಸ್ವಯಂಸೇವಕರು ಯಾರ ಅಪ್ಪಣೆಗೂ ಕಾಯದೆ ಲಿನಕ್ಸಿನ ಪರದೆಯ ಮಾತುಗಳನ್ನು ಕನ್ನಡಿಸಿದರು. ಕೇದಗೆ, ಮಲ್ಲಿಗೆ ಎಂಬ ಅಕ್ಷರ ವಿನ್ಯಾಸಗಳು ಮುಕ್ತ ಪರವಾನಿಗೆಯಲ್ಲಿ ಹೊರಬಂದು ವಿತರಣೆಗಳೊಳಗೆ ಸೇರಿದವು.

ಆದರೂ ಲಿನಕ್ಸಿನ ಮೇಲೆ ಬಹುಕಾಲ ಒಂದು ಅಪವಾದವಿತ್ತು. ಕಂಪ್ಯೂಟರ್ ಆಟಗಳು ಅದರಲ್ಲಿ ನಡೆಯುವುದಿಲ್ಲ ಎಂಬುದೇ ಆ ಅಪವಾದ. ಆಟಗಳನ್ನು ಮಾಡುವವರು ವಿಂಡೋಸಿಗಾಗಿಯೇ ಅವನ್ನು ರಚಿಸುತ್ತಿದ್ದುದು ಇದಕ್ಕೆ ಕಾರಣ. 1993ರಲ್ಲಿ ಆರಂಭವಾದ ವೈನ್ ಎಂಬ ಯೋಜನೆಯು ಇದಕ್ಕೆ ಉಪಾಯ ಹುಡುಕಿತು. ವಿಂಡೋಸಿನ ಭಾಷೆಯಲ್ಲಿ ಆಟವು ಕೇಳುವ ಸೇವೆಗಳನ್ನು ಲಿನಕ್ಸಿಗೆ ತಿಳಿಯುವಂತೆ ತಿರುಗಿಸಿ ಹೇಳುವ ದುಭಾಷಿ ಅದು. ವಾಲ್ವ್ ಸಂಸ್ಥೆಯು ಅದನ್ನು ಬೆಳೆಸಿ, 2018ರಲ್ಲಿ ಪ್ರೋಟಾನ್ ಎಂಬ ಸಾಧನವನ್ನು ಹೊರತಂದಿತು. 2022ರಲ್ಲಿ ಲಿನಕ್ಸಿನಿಂದ ನಡೆಯುವ ಸ್ಟೀಮ್ ಡೆಕ್ ಎಂಬ ಕೈಯಂತ್ರವನ್ನು ಮಾರಾಟಕ್ಕಿಟ್ಟಿತು. ಇಂದು ಸಾವಿರಾರು ಆಟಗಳು ಲಿನಕ್ಸಿನಲ್ಲಿ ನಡೆಯುತ್ತವೆ. ಆದರೆ ಹಲವರು ಸೇರಿ ಸ್ಪರ್ಧಿಸುವ ಕೆಲವು ಆಟಗಳು ಮೋಸವನ್ನು ತಡೆಯಲು ವ್ಯವಸ್ಥೆಯ ತಿರುಳಿನೊಳಕ್ಕೇ ಇಳಿದು ಕಾವಲು ಕೂರುತ್ತವೆ. ಅಂತಹವು ಇನ್ನೂ ಲಿನಕ್ಸಿಗೆ ಒಗ್ಗಿಲ್ಲ.

ಹುಟ್ಟಿನಿಂದಲೇ ಮುಕ್ತವಾದ ಆಟಗಳೂ ಇವೆ. ಸೂಪರ್ ಟಕ್ಸ್ ಕಾರ್ಟ್ ಎಂಬ ಓಟದ ಆಟ, ಬ್ಯಾಟಲ್ ಫಾರ್ ವೆಸ್ನಾತ್ ಎಂಬ ತಂತ್ರದ ಆಟ ಅಂತಹವು. ಇವುಗಳ ಚಿತ್ರಗಳಿಗೆ ಮಾರುಕಟ್ಟೆಯ ಆಟಗಳ ಮೆರುಗು ಇಲ್ಲದಿರಬಹುದು. ಆದರೆ ಇವುಗಳ ನಿಯಮವನ್ನೇ ಆಟಗಾರನು ಬದಲಾಯಿಸಬಲ್ಲನು. ಇದು ಹಳ್ಳಿಯ ಮಕ್ಕಳಿಗೆ ಹೊಸದಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆಗಳನ್ನು ಎಳೆದು, ಹುಣಸೆಯ ಬೀಜವನ್ನು ಒಂದು ಬದಿ ತೇದು ಕವಡೆಯಾಗಿಸಿ, ಐದು ಮನೆ ಸಾಲದೆಂದರೆ ಏಳು ಮನೆ ಬರೆದು ಅವರು ಆಡುತ್ತ ಬಂದಿದ್ದಾರೆ. ಆಟವನ್ನು ಕಟ್ಟುವುದೂ ಅವರಿಗೆ ಆಟವೇ ಆಗಿತ್ತು. ಮುಕ್ತ ತಂತ್ರಾಂಶವು ಆ ಹಕ್ಕನ್ನು ಪರದೆಯ ಆಟಕ್ಕೂ ತಂದುಕೊಡುತ್ತದೆ.

ತಂತ್ರಾಂಶ ತೆರೆದರೂ ಯಂತ್ರಾಂಶ ಮುಚ್ಚಿದ್ದರೆ ಬಾಗಿಲು ಅರ್ಧ ಮಾತ್ರ ತೆರೆದಂತೆ. ಯಂತ್ರದ ನಕ್ಷೆಗಳನ್ನು ಯಾರಾದರೂ ಅಭ್ಯಸಿಸಿ, ತಿದ್ದಿ, ತಯಾರಿಸುವಂತೆ ಬಹಿರಂಗಪಡಿಸುವುದಕ್ಕೆ ಮುಕ್ತ ಯಂತ್ರಾಂಶ ಎಂದು ಹೆಸರು. ಈ ದಾರಿಯಲ್ಲಿ ಬಹು ಮುಂಚೆಯೇ ನಡೆದವರಲ್ಲಿ ಕರ್ನಾಟಕದವರೂ ಸೇರಿದ್ದಾರೆ ಎಂಬುದು ಅಭಿಮಾನದ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು ಎನ್‌ಕೋರ್ ಎಂಬ ತಂತ್ರಾಂಶ ಸಂಸ್ಥೆಯೊಡಗೂಡಿ, ಗ್ರಾಮದ ಬಡವನಿಗೂ ಎಟುಕುವ ಕಂಪ್ಯೂಟರೊಂದನ್ನು ರೂಪಿಸಲು ಮುಂದಾದರು. ಸರಳವೂ ಅಗ್ಗವೂ ಬಹುಭಾಷಿಕವೂ ಆದ ಜನರ ಕಂಪ್ಯೂಟರ್ ಎಂಬ ಅರ್ಥದಲ್ಲಿ ಅದಕ್ಕೆ ಸಿಂಪ್ಯೂಟರ್ ಎಂದು ಹೆಸರಿಟ್ಟರು. 2001ರಲ್ಲಿ ಅದರ ಮಾದರಿ ಸಿದ್ಧವಾಯಿತು. ಅಂಗೈಯಲ್ಲಿ ಹಿಡಿಯುವ ಆ ಯಂತ್ರವು ಲಿನಕ್ಸಿನಿಂದ ನಡೆಯುತ್ತಿತ್ತು. ಓದುಬಾರದವರಿಗಾಗಿ ಭಾರತೀಯ ಭಾಷೆಗಳಲ್ಲಿ ಅದು ಬರಹವನ್ನು ಓದಿ ಹೇಳಬಲ್ಲುದಾಗಿತ್ತು. ಪ್ರತಿಯೊಬ್ಬನೂ ತನ್ನ ಚೀಟಿಯಂತಹ ಸ್ಮಾರ್ಟ್ ಕಾರ್ಡನ್ನು ಹಾಕಿ ಬಳಸಬಹುದಾದುದರಿಂದ ಇಡೀ ಊರು ಒಂದೇ ಯಂತ್ರವನ್ನು ಹಂಚಿಕೊಳ್ಳಬಹುದಾಗಿತ್ತು. ಅದರ ಯಂತ್ರಾಂಶದ ವಿನ್ಯಾಸಕ್ಕೂ ಸಾರ್ವಜನಿಕ ಪರವಾನಿಗೆಯೊಂದನ್ನು ಬರೆದುದು ಆ ಕಾಲಕ್ಕೆ ಅಪೂರ್ವವಾದ ಕ್ರಮ.

2004ರಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದಿತು. ಯಂತ್ರವನ್ನು ಅಲುಗಿಸಿದುದನ್ನು ಗುರುತಿಸುವ ಸಾಧನ ಅದರೊಳಗಿತ್ತು. ಇಂದು ಮಕ್ಕಳು ಮೊಬೈಲನ್ನು ವಾಲಿಸಿ ಆಡುವ ಆಟಗಳಿಗೆ ಅಂತಹದೇ ಸಾಧನ ಆಧಾರ. ಆದರೆ ಸಿಂಪ್ಯೂಟರ್ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಸುಮಾರು 10,000 ರೂಪಾಯಿಗಳ ಆರಂಭಿಕ ಬೆಲೆಯು ಹಳ್ಳಿಯವನಿಗೆ ಹೊರೆಯಾಗಿತ್ತು. ಅಷ್ಟರಲ್ಲಿ ಮೊಬೈಲ್ ಫೋನುಗಳು ಅಗ್ಗವಾಗುತ್ತ ಬಂದವು. ವಿನ್ಯಾಸವೆಲ್ಲ ಮುಕ್ತವಾಗಿದ್ದರೂ ಅದರ ಹೃದಯದಂತಿದ್ದ ಸಂಸ್ಕಾರಕದ ನಕ್ಷೆ ಮಾತ್ರ ವಿದೇಶಿ ಸಂಸ್ಥೆಯ ಗುಟ್ಟಾಗಿಯೇ ಉಳಿದಿತ್ತು. ಒಳ್ಳೆಯ ಆಶಯಕ್ಕೆ ಅಗ್ಗದ ತಯಾರಿಕೆಯೂ ಸಕಾಲವೂ ಕೂಡಿ ಬರಬೇಕೆಂಬ ಪಾಠವನ್ನು ಅದು ಕಲಿಸಿತು.

ಆ ಬೀಜ ಮಾತ್ರ ವ್ಯರ್ಥವಾಗಲಿಲ್ಲ. 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಹುಟ್ಟಿದ ಆರ್ಡುಯಿನೋ ಎಂಬ ಪುಟ್ಟ ಹಲಗೆಯು ತನ್ನ ನಕ್ಷೆಯನ್ನು ಎಲ್ಲರಿಗೂ ತೆರೆದಿಟ್ಟಿತು. ಸಂಸ್ಕಾರಕಕ್ಕೆ ಕೊಡುವ ಆದೇಶಗಳ ಮುಕ್ತ ಕಟ್ಟಳೆಯಾದ ರಿಸ್ಕ್-ಫೈವ್ 2010ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಆರಂಭವಾಯಿತು. ಅದನ್ನು ಅನುಸರಿಸಿ ಮದರಾಸಿನ ಐಐಟಿಯವರು ಶಕ್ತಿ ಎಂಬ ಸಂಸ್ಕಾರಕಗಳನ್ನು ರೂಪಿಸಿ, ಅವುಗಳ ವಿನ್ಯಾಸವನ್ನು ಬಹಿರಂಗಪಡಿಸಿದರು. 2018ರಲ್ಲಿ ಅಂತಹ ಒಂದು ಚಿಪ್ಪು ಭಾರತದಲ್ಲಿಯೇ, ಚಂಡೀಗಡದ ಬಳಿ ತಯಾರಾಯಿತು. ಗಡಿನಾಡಾದ ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಮಕ್ಕಳು ಮುಕ್ತ ತಂತ್ರಾಂಶದ ಮೇಲೆಯೇ ಕಂಪ್ಯೂಟರ್ ಕಲಿಯುತ್ತಾರೆ. ಕೇರಳ ಸರಕಾರದ ಶಾಲಾ ಕ್ರಮದಲ್ಲಿ ಅದಕ್ಕೆ ಕನ್ನಡದಲ್ಲಿಯೇ ಪಠ್ಯಪುಸ್ತಕಗಳಿವೆ. 2022ರ ಡಿಸೆಂಬರಿನಿಂದ ಆ ರಾಜ್ಯದ ಸುಮಾರು 2,000 ಶಾಲೆಗಳಿಗೆ ಆರ್ಡುಯಿನೋ ಹಲಗೆಯುಳ್ಳ ರೋಬೋಟಿಕ್ ಪೆಟ್ಟಿಗೆಗಳನ್ನು ಹಂಚುವ ಕಾರ್ಯವೂ ಆರಂಭವಾಯಿತು. ಕತ್ತಲಾದೊಡನೆ ತಾನೇ ಹೊತ್ತಿಕೊಳ್ಳುವ ದೀಪವನ್ನು ಇಂತಹ ಹಲಗೆಯಿಂದ ಮಾಡಿದ ಮಗುವಿಗೆ ಯಂತ್ರವು ಮಾಯೆಯಾಗಿ ತೋರುವುದಿಲ್ಲ.

ಬಾಗಿಲು ತೆರೆದಿದ್ದ ಮಾತ್ರಕ್ಕೆ ಒಳಗಿನ ವಿದ್ಯೆ ಕೈಸೇರುವುದಿಲ್ಲ, ಒಳಹೊಕ್ಕು ಶ್ರಮಪಡಬೇಕು. ಅದನ್ನು ಪಡೆದವನ ಮೇಲೆ ಹಂಚುವ ಹೊಣೆಯೂ ಬೀಳುತ್ತದೆ. ಹಂಚಿ ಉಣ್ಣುವುದು ಕಲಬುರಗಿಯ ನೆಲಕ್ಕೆ ಹೊಸದಲ್ಲ. ಶರಣಬಸವೇಶ್ವರರು ತಮ್ಮ ದಾಸೋಹದಿಂದಲೇ ಈ ನಾಡಿನಲ್ಲಿ ಪೂಜ್ಯರಾದರು. ಅನ್ನದ ದಾಸೋಹಕ್ಕೆ ದಿನದಿನವೂ ಹೊಸ ಕಾಳು ಬೇಕು. ವಿದ್ಯೆಯ ದಾಸೋಹದಲ್ಲಿ ಬಡಿಸಿದಷ್ಟೂ ಪಾತ್ರೆ ತುಂಬುತ್ತದೆ. ಶಹಾಬಜಾರದ ಹುಡುಗನು ತನ್ನ ಹಳೆಯ ಕಂಪ್ಯೂಟರಿನಲ್ಲಿ ಲಿನಕ್ಸನ್ನು ಅಳವಡಿಸಿಕೊಂಡು, ಕಲಿತುದನ್ನು ಓಣಿಯ ಇನ್ನೊಬ್ಬನಿಗೆ ಹೇಳಿಕೊಟ್ಟ ದಿನ, ಸೈಕಲ್ ಅಂಗಡಿಯಾತನ ಮಾತಿಗೆ ಉತ್ತರ ದೊರೆತಂತಾಯಿತು. ಆ ಯಂತ್ರ ಅಂದು ಅವನದಾಯಿತು.

ಪ್ರಶ್ನೆಗಳು

1. ಆಕರ ಸಂಕೇತ ಎಂದರೇನು? ಅದು ತೆರೆದಿರುವುದರಿಂದ ಬಳಕೆದಾರನಿಗೆ ದೊರೆಯುವ ಸ್ವಾತಂತ್ರ್ಯಗಳಾವುವು?
2. ಲಿನಕ್ಸಿನ ವಿತರಣೆಗಳನ್ನು ಜೋಳದ ಅಡಿಗೆಗೆ ಹೋಲಿಸಿರುವುದು ಏಕೆ?
3. ಸಿಂಪ್ಯೂಟರಿನ ವಿಶೇಷತೆಗಳನ್ನೂ ಅದು ಕಲಿಸಿದ ಪಾಠವನ್ನೂ ವಿವರಿಸಿರಿ.
4. "ಬಿಚ್ಚಿ ನೋಡ್ಲಾಕ ಬರಲಾರದ್ದು ಪೂರಾ ನಮ್ದಲ್ಲ, ತಮ್ಮಾ" ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.