ನಿಂಬೆ ಚಿಟ್ಟೆ ಮತ್ತು ಹುಲಿ ದುಂಬಿ

ಕರಾವಳಿಯ ರೈತರು ಅಳಿವೆಯ ಬದಿಯ ಒದ್ದೆ ಮರಳಿನಲ್ಲಿ ಈ ಎರಡೂ ಕೀಟಗಳನ್ನು ನೋಡಿರಬಹುದು. ಒಂದು, ಕಪ್ಪು ರೆಕ್ಕೆಯ ಮೇಲೆ ಹಳದಿ ಮಚ್ಚೆಗಳಿರುವ ನಿಂಬೆ ಚಿಟ್ಟೆ. ತೇವದಲ್ಲಿ ಕರಗಿದ ಲವಣವನ್ನು ಹೀರಲು ಇದು ಮರಳಿಗೆ ಇಳಿಯುತ್ತದೆ. ಹೀಗೆ ಇಳಿಯುವವು ಹೆಚ್ಚಾಗಿ ಗಂಡುಗಳು. ಹೆಣ್ಣು ಆಗ ನಿಮ್ಮ ತೋಟದಲ್ಲಿರುತ್ತದೆ! ಇನ್ನೊಂದು, ನೀವು ಹತ್ತಿರ ಹೋದೊಡನೆ ಹಾರಿ ತುಸು ಮುಂದೆ ಕೂರುವ, ಉದ್ದ ಕಾಲಿನ ಹುಲಿ ದುಂಬಿ. ಇದು ಬರುವುದು ಬೇಟೆಗೆ. ರೂಪ ನೋಡಿ ತೀರ್ಮಾನಿಸಿದರೆ ಮೋಸಹೋಗುತ್ತೀರಿ. ಚೆಂದದ ಚಿಟ್ಟೆಯೇ ಪೀಡೆ, ಕತ್ತರಿಯಂಥ ದವಡೆಯ ದುಂಬಿಯೇ ಮಿತ್ರ.

ನಿಂಬೆ, ಕಿತ್ತಳೆ, ಬಿಲ್ವ, ಕರಿಬೇವುಗಳ ಎಳೆ ಚಿಗುರಿನ ಮೇಲೆ ಹೆಣ್ಣು ಚಿಟ್ಟೆ ಒಂದೊಂದಾಗಿ ಮೊಟ್ಟೆಯಿಡುತ್ತದೆ. 3-4 ದಿನಗಳಲ್ಲಿ ಹೊರಬರುವ ಮರಿಹುಳು ಹಕ್ಕಿಯ ಹಿಕ್ಕೆಯಂತೆ ಕಾಣುವುದರಿಂದ ಕಣ್ಣಿಗೆ ಬೀಳದು. ಬೆಳೆದ ಮೇಲೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲು ಕೊಂಬನ್ನು ಚಾಚಿ ಕೆಟ್ಟ ವಾಸನೆ ಬಿಡುತ್ತದೆ. ಸಸಿಮಡಿಯಲ್ಲಿ ನಡುನರ ಮಾತ್ರ ಉಳಿಯುವಂತೆ ಎಲೆ ತಿನ್ನಬಲ್ಲದು.

ಹುಲಿ ದುಂಬಿಯ ಮರಿಯದು ಬೇರೆಯೇ ಬಾಳು. ನೆಲದಲ್ಲಿ ನೆಟ್ಟಗೆ ಬಿಲ ಕೊರೆದು, ಅದರ ಬಾಯನ್ನು ತನ್ನ ಚಪ್ಪಟೆ ತಲೆಯಿಂದ ಮುಚ್ಚಿಕೊಂಡು ಕಾಯುತ್ತದೆ. ಇರುವೆ, ನೊಣ ಹತ್ತಿರ ಸುಳಿದರೆ ಹಿಡಿದು ಒಳಗೆಳೆಯುತ್ತದೆ. ಹಿಡಿದ ಬೇಟೆ ಎಳೆದಾಡಿದರೂ ಬೆನ್ನಿನ ಕೊಕ್ಕೆಗಳು ಬಿಲದ ಗೋಡೆಗೆ ಕಚ್ಚಿ ನಿಲ್ಲುತ್ತವೆ. ಕೆಲವು ಜಾತಿಗಳಲ್ಲಿ ಈ ಬಿಲವಾಸ ಒಂದು ವರ್ಷಕ್ಕೂ ಮೀರುತ್ತದೆ. ಪ್ರೌಢ ದುಂಬಿ ಎಷ್ಟು ವೇಗವಾಗಿ ಓಡುತ್ತದೆಂದರೆ ಓಡುವಾಗ ಅದಕ್ಕೆ ಬೇಟೆ ಸರಿಯಾಗಿ ಕಾಣದು. ನಡುನಡುವೆ ನಿಂತು ನೋಡಿ ಮತ್ತೆ ಓಡುತ್ತದೆ. ಆದರೆ ಇದರ ಬೇಟೆಯೆಲ್ಲ ಹೆಚ್ಚಾಗಿ ನೆಲದ ಮೇಲೆ. ಗಿಡದ ಮೇಲಿನ ನಿಂಬೆ ಹುಳುವನ್ನು ಇದೇ ತಿಂದು ಮುಗಿಸೀತೆಂದು ನಂಬಿ ಕೂರಬೇಡಿ.

ಬಿಲ ಕೆಟ್ಟರೆ ಈ ದುಂಬಿಯ ಸಂತತಿ ಉಳಿಯದು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಹಿಂದೆ ಹೇರಳವಾಗಿದ್ದ ಒಂದು ಜಾತಿ, ಕಡಲ ದಂಡೆಯಲ್ಲಿ ವಾಹನ ಹಾಗೂ ಜನರ ಓಡಾಟ ಹೆಚ್ಚಿದ್ದರಿಂದ ಹಲವೆಡೆ ಕಣ್ಮರೆಯಾಯಿತು. 1990ರಲ್ಲಿ ಅಲ್ಲಿನ ಸರ್ಕಾರ ಅದನ್ನು ರಕ್ಷಿಸಬೇಕಾದ ಜೀವಿಗಳ ಪಟ್ಟಿಗೆ ಸೇರಿಸಿತು. ನಮ್ಮಲ್ಲೂ ಮರಳು ತೆಗೆಯುವ ಕಡೆ ಬಿಲಗಳಿಗೆ ಇದೇ ಗತಿ.

ಆದ್ದರಿಂದ ನಿಂಬೆ ಹುಳುವಿಗೆಂದು ಸಿಕ್ಕ ಕೀಟನಾಶಕವನ್ನು ನೆಲವೂ ತೊಯ್ಯುವಂತೆ ಸಿಂಪಡಿಸಬೇಡಿ. ಸಸಿ ಚಿಕ್ಕದಿದ್ದರೆ ಚಿಗುರು ಬರುವ ಕಾಲದಲ್ಲಿ ವಾರಕ್ಕೆರಡು ಸಲ ಎಲೆ ತಿರುವಿ ನೋಡಿ, ಮೊಟ್ಟೆ, ಹುಳುಗಳನ್ನು ಆರಿಸಿ ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿ. ಗಿಡಗಳು ಹೆಚ್ಚಿದ್ದರೆ ಮರಿಹುಳುಗಳಿಗೆಂದೇ ದೊರೆಯುವ ಬಿ.ಟಿ. ಜೈವಿಕ ಕೀಟನಾಶಕವನ್ನು ಪೊಟ್ಟಣದ ಮೇಲಿನ ಪ್ರಮಾಣದಂತೆ ಸಂಜೆ ಸಿಂಪಡಿಸಿ. ಹುಳು ಎಳೆಯದಿದ್ದಾಗಲೇ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ದುಂಬಿಗೆ ತೊಂದರೆಯಾಗದು.