ಬಿಸಿಯೂಟದಲ್ಲಿ ಬೇಳೆಯ ಮಹತ್ವ

ಬಾಲ್ಯವು ಧಾತುಗಳು ಬೆಳೆಯುವ ಕಾಲ. ಹೊಟ್ಟೆ ತುಂಬಿದರಷ್ಟೇ ಸಾಲದು, ಮಾಂಸಧಾತುವಿಗೂ ಪೋಷಣೆ ಬೇಕು.

ಪಿ.ಎಂ. ಪೋಷಣ್ ನಿಯಮದಂತೆ 1ರಿಂದ 5ನೆಯ ತರಗತಿಯ ಮಗುವಿನ ಊಟದಲ್ಲಿ 450 ಕಿಲೋ ಕ್ಯಾಲೊರಿ ಶಕ್ತಿ, 12 ಗ್ರಾಂ ಪ್ರೋಟೀನ್ ಇರಬೇಕು. ಅದಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ನಿಗದಿಯಾಗಿದೆ. ಧಾನ್ಯವನ್ನು ಕೇಂದ್ರ ಸರ್ಕಾರ ಒದಗಿಸುತ್ತದೆ. ಉಳಿದ ಸಾಮಗ್ರಿ ಹಾಗೂ ಇಂಧನಕ್ಕೆ ದಿನವೊಂದಕ್ಕೆ ಮಗುವಿಗೆ ಇದ್ದ 6.19 ರೂ. ದರವನ್ನು 2025ರ ಮೇ 1ರಿಂದ 6.78 ರೂ.ಗೆ ಏರಿಸಲಾಗಿದೆ. ಹೆಚ್ಚಳ 59 ಪೈಸೆ.

ಕಿಲೋ ಬೇಳೆಗೆ 120 ರೂ. ಇದ್ದರೆ 20 ಗ್ರಾಂಗೆ 2.40 ರೂ. ತಗಲುತ್ತದೆ, 160 ರೂ. ಆದರೆ 3.20 ರೂ. ಬೇಳೆಯೊಂದರ ಈ 80 ಪೈಸೆಯೇ ಇಡೀ ಹೆಚ್ಚಳವನ್ನು ಮೀರುತ್ತದೆ. ಆಗ ಬೇಳೆ ಕಡಿಮೆಯಾಗಿ ಸಾರು ತೆಳುವಾಗುವ ಭಯವಿದೆ. ಅನ್ನದಿಂದ ಹಸಿವು ಹಿಂಗಬಹುದು. ಆದರೆ ನಿಗದಿತ ಪ್ರೋಟೀನಿನ ಸುಮಾರು ಮೂರನೆಯ ಒಂದು ಭಾಗ ಬರುವುದು ಬೇಳೆಯಿಂದಲೇ. ಅಕ್ಕಿಯಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಪೋಷಕಾಂಶವನ್ನು ತುಂಬಿಕೊಡುವುದೂ ಅದೇ.

ಆದುದರಿಂದ ಸದ್ಭಕ್ತರು ಮಕ್ಕಳ ಹುಟ್ಟುಹಬ್ಬಕ್ಕೋ ಹಿರಿಯರ ಸ್ಮರಣೆಗೋ ಶಾಲೆಯಲ್ಲಿ ಸಿಹಿ ಹಂಚುವ ಬದಲು, ಮುಖ್ಯೋಪಾಧ್ಯಾಯರೊಡನೆ ಮಾತನಾಡಿ ತೊಗರಿಬೇಳೆ, ಹೆಸರುಕಾಳು, ಸೊಪ್ಪು ನೀಡುವುದು ಲೇಸು. ಅಕ್ಷರ ದಾಸೋಹಕ್ಕೆ ಅದು ನಿಜವಾದ ನೆರವು.