ಹಿತ್ತಿಲಿಗೆ ಬ್ಯಾಟರಿ ಯಂತ್ರ: ಕೊಳ್ಳುವ ಮೊದಲಿನ ಲೆಕ್ಕ

ಮುಂಬಯಿಯಲ್ಲಿರುವ ನಮ್ಮವರಲ್ಲಿ ಹೆಚ್ಚಿನವರಿಗೆ ಇಲ್ಲಿ ಹಿತ್ತಿಲಿಲ್ಲ; ಹಿತ್ತಿಲು ಇರುವುದು ಊರಿನಲ್ಲಿ. ಕಾರ್ಕಳ, ಕುಂದಾಪುರ, ಪುತ್ತೂರುಗಳ ಕಡೆ ಹತ್ತಿಪ್ಪತ್ತು ಸೆಂಟ್ಸಿನ ಜಾಗ. ಅದರಲ್ಲಿ ನಾಲ್ಕು ತೆಂಗು, ಒಂದೆರಡು ಮಾವು, ದಾಸವಾಳದ ಬೇಲಿ, ಮಳೆಗಾಲ ಮುಗಿಯುವ ಹೊತ್ತಿಗೆ ಸೊಂಟದೆತ್ತರದ ಹುಲ್ಲು. ಸವರಲು ಆಳು ಸಿಗುವುದು ಕಷ್ಟ. ಮನೆಯಲ್ಲಿರುವವರು ವಯಸ್ಸಾದ ತಂದೆತಾಯಿ. ಆದುದರಿಂದ ರಜೆಗೆ ಹೊರಡುವ ಮುನ್ನ ನಾಗದೇವಿ ರಸ್ತೆಗೋ ಲೋಹಾರ್ ಚಾಳಿಗೋ ಹೋಗಿ, ಬ್ಯಾಟರಿಯಿಂದ ನಡೆಯುವ ಹುಲ್ಲು ಕತ್ತರಿಸುವ ಯಂತ್ರವನ್ನು ವಿಚಾರಿಸುವವರಿದ್ದಾರೆ. ಉಪನಗರದ ಸೊಸೈಟಿಗಳಲ್ಲಿ ತೋಟ ನೋಡಿಕೊಳ್ಳುವ ನಮ್ಮ ಬಂಧುಗಳಿಗೂ ಇದೇ ಪ್ರಶ್ನೆ. ತಿಂಗಳ ಸಂಬಳದಲ್ಲಿ ದೊಡ್ಡ ಪಾಲನ್ನು ನುಂಗುವ ಖರೀದಿಯಾದುದರಿಂದ ಅಂಗಡಿಗೆ ಹೋಗುವ ಮೊದಲು ಕಾಗದ ಪೆನ್ಸಿಲು ಹಿಡಿದು ಕುಳಿತುಕೊಳ್ಳುವುದು ಒಳ್ಳೆಯದು.

ಮೊದಲು ತಿಳಿಯಬೇಕಾದ ಮಾತು ಒಂದೇ. ನಾವು ಕೊಳ್ಳುವುದು ಯಂತ್ರವನ್ನಲ್ಲ, ಬ್ಯಾಟರಿಯನ್ನು. ಮೋಟಾರು, ಕೊಳವೆ, ಕತ್ತಿ ಇವೆಲ್ಲ ಬಹುಕಾಲ ಬರುತ್ತವೆ. ಮೊದಲು ಸಾಯುವುದು ಬ್ಯಾಟರಿ, ಬೆಲೆಯಲ್ಲಿ ಮುಖ್ಯ ಭಾಗವೂ ಅದೇ.

ಬ್ಯಾಟರಿಯ ಮೈಮೇಲೆ ಎರಡು ಅಂಕಿಗಳಿರುತ್ತವೆ: ವೋಲ್ಟು ಮತ್ತು ಆಂಪಿಯರ್-ಗಂಟೆ. ಎರಡನ್ನೂ ಗುಣಿಸಿದರೆ ವಾಟ್-ಗಂಟೆ ಬರುತ್ತದೆ. 18 ವೋಲ್ಟು, 2 ಆಂಪಿಯರ್-ಗಂಟೆಯಾದರೆ 36. ಅದೇ 18 ವೋಲ್ಟಿಗೆ 4 ಆಂಪಿಯರ್-ಗಂಟೆಯಾದರೆ 72. ನಮ್ಮ ಹಣಕ್ಕೆ ಸಿಗುವ ಅಕ್ಕಿಯ ತೂಕ ಇದು. ಉಳಿದುದೆಲ್ಲ ಚೀಲದ ಮೇಲಿನ ಚಿತ್ರ. ಹುಲ್ಲಿನ ಯಂತ್ರ ಕೆಲಸದಲ್ಲಿ 300 ವಾಟ್ ಎಳೆಯುತ್ತದೆಂದು ಇಟ್ಟುಕೊಳ್ಳೋಣ. 72ನ್ನು 300ರಿಂದ ಭಾಗಿಸಿ 60ರಿಂದ ಗುಣಿಸಿದರೆ ಹದಿನಾಲ್ಕು ನಿಮಿಷ ಚಿಲ್ಲರೆ. 36ರ ಬ್ಯಾಟರಿಗೆ ಏಳೇ ನಿಮಿಷ. ಹತ್ತು ಸೆಂಟ್ಸು ಎಂದರೆ ನಾಲ್ಕು ಗುಂಟೆ, 4356 ಚದರ ಅಡಿ. ಸೊಂಟದೆತ್ತರದ ಹುಲ್ಲು ಏಳು ನಿಮಿಷಕ್ಕೆ ಅಷ್ಟು ಜಾಗದಲ್ಲಿ ಮುಗಿಯುವುದೇ? ಅಂಗಡಿಯವನು ‘ಒಂದು ಗಂಟೆ ನಡೆಯುತ್ತದೆ ಸಾಹೇಬರೇ’ ಎಂದರೆ, ಅದು ಬರಿ ಗಾಳಿಯಲ್ಲಿ ತಿರುಗುವ ಲೆಕ್ಕವೆಂದು ತಿಳಿಯತಕ್ಕದ್ದು.

ಇನ್ನು ವೋಲ್ಟಿನ ಆಟ. ಒಂದು ಲಿಥಿಯಂ ಕೋಶಕ್ಕೆ ಸಾಧಾರಣ 3.6 ವೋಲ್ಟು, ಐದನ್ನು ಸಾಲಾಗಿ ಜೋಡಿಸಿದರೆ 18. ಪೂರ್ತಿ ತುಂಬಿದಾಗ ಕೋಶವೊಂದಕ್ಕೆ 4.2, ಐದಕ್ಕೆ 21. ಆದುದರಿಂದ 18, 20, 21 ಎಂದು ಬೇರೆಬೇರೆ ಪೆಟ್ಟಿಗೆಗಳ ಮೇಲೆ ಬರೆದುದು ಸಾಮಾನ್ಯವಾಗಿ ಒಂದೇ ಸರಕು. ಇದನ್ನು ಮೋಸವೆನ್ನಲಾಗದು. ಆದರೆ 48 ವಿ.ಎಫ್., 88 ವಿ.ಎಫ್. ಎಂದು ದೊಡ್ಡಕ್ಷರದಲ್ಲಿ ಅಚ್ಚು ಹಾಕಿದ ಅಗ್ಗದ ಬ್ಯಾಟರಿಗಳೂ ಪೇಟೆಯಲ್ಲಿವೆ. ನಿಜವಾಗಿ 88 ವೋಲ್ಟು ಬೇಕಾದರೆ ಸುಮಾರು 24 ಕೋಶಗಳು ಬೇಕು. ಸಾಮಾನ್ಯ ಕೋಶ 18 ಮಿಲಿಮೀಟರು ದಪ್ಪ, 65 ಮಿಲಿಮೀಟರು ಉದ್ದ, ತೂಕ ಸುಮಾರು 45 ಗ್ರಾಂ. 24ಕ್ಕೆ ಒಂದು ಕಿಲೋ ದಾಟಿತು. ಬ್ಯಾಟರಿಯನ್ನು ಅಂಗೈಯಲ್ಲಿಟ್ಟು ನೋಡಿ. ಅರ್ಧ ಕಿಲೋವೂ ಇಲ್ಲದಿದ್ದರೆ ಒಳಗಿರುವುದು ಅದೇ ಹಳೆಯ ಐದು ಕೋಶ. ಇಂಥ ಸರಕಿನ ಮೇಲೆ ಬರೆದ ಆಂಪಿಯರ್-ಗಂಟೆಯನ್ನೂ ನಂಬಿ ಗುಣಾಕಾರ ಮಾಡಬಾರದು.

ಈ ಬಗೆಯ ಯಂತ್ರ ಹೊಸತೇನಲ್ಲ. ಅಮೆರಿಕದ ಬ್ಲ್ಯಾಕ್ ಎಂಡ್ ಡೆಕರ್ ಕಂಪನಿ 1961ರಲ್ಲೇ ತಂತಿಯಿಲ್ಲದ ಡ್ರಿಲ್ಲನ್ನು ಹೊರತಂದಿತ್ತು, ಅದರಲ್ಲಿದ್ದುದು ನಿಕಲ್-ಕ್ಯಾಡ್ಮಿಯಂ. ಲಿಥಿಯಂ ಅಯಾನ್ ಬ್ಯಾಟರಿಯನ್ನು 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದಿತು. ಅದನ್ನು ಸಾಧ್ಯಗೊಳಿಸಿದ ಗುಡಿನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಬಹುಮಾನ ಬಂತು. ತೂಕ ಇಳಿದುದರಿಂದಲೇ ಇಂದು ಅರುವತ್ತು ದಾಟಿದವರೂ ಹೆಗಲಿಗೆ ಪಟ್ಟಿ ಹಾಕಿ ಇದನ್ನು ಹಿಡಿಯಬಲ್ಲರು.

ಪೆಟ್ರೋಲಿನ ಯಂತ್ರವೇ ಮೇಲಲ್ಲವೇ ಎಂದು ಕೇಳಬಹುದು. ಅರ್ಧ ಎಕರೆಗಿಂತ ಹೆಚ್ಚು ಅಡಿಕೆ ತೋಟವಿದ್ದವರಿಗೆ ಹೌದು. ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು 9000 ವಾಟ್-ಗಂಟೆ ಅಡಗಿದೆ. ಬಹುಪಾಲು ಬಿಸಿಯಾಗಿ ಪೋಲಾದರೂ ಉಳಿದುದು ಹಲವು ಬ್ಯಾಟರಿಗಳಿಗೆ ಸಮ. ಆದರೆ ಹತ್ತು ಸೆಂಟ್ಸಿಗೆ ಆ ಸದ್ದು, ಆ ನಡುಕ, ಎಣ್ಣೆ ಬೆರೆಸುವ ರಗಳೆ, ಹಗ್ಗ ಎಳೆದು ಚಾಲೂ ಮಾಡುವ ತೋಳಿನ ಬಲ ಯಾಕೆ? ಇಪ್ಪತ್ತು ಸೆಂಟ್ಸಿನವರೆಗೆ 72 ವಾಟ್-ಗಂಟೆಯ ಎರಡು ಬ್ಯಾಟರಿ ಇಟ್ಟುಕೊಂಡು, ಒಂದನ್ನು ಚಾರ್ಜಿಗೆ ಹಾಕಿ ಇನ್ನೊಂದರಲ್ಲಿ ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಸವರಿದರೆ ನಾಲ್ಕೈದು ದಿನದಲ್ಲಿ ಅಂಗಳ ಬೆಳಗುತ್ತದೆ. ಚಾರ್ಜರಿನ ಅಂಕಿಯನ್ನೂ ನೋಡಬೇಕು: 2 ಆಂಪಿಯರಿನದು 4 ಆಂಪಿಯರ್-ಗಂಟೆಯನ್ನು ತುಂಬಲು ಎರಡು ಗಂಟೆಗೆ ಮೇಲೆ ಹಿಡಿಯುತ್ತದೆ.

ಯಾವ ಯಾವ ಸಾಧನ ಬೇಕು? ಹುಲ್ಲಿನ ಯಂತ್ರವೊಂದು ಸಾಕು. ಮೋಟಾರು ಬ್ರಷ್ ಇಲ್ಲದ್ದಾದರೆ ಅದೇ ಬ್ಯಾಟರಿಯಲ್ಲಿ ಹೆಚ್ಚು ಹೊತ್ತು ನಡೆಯುತ್ತದೆ. ಮುರಕಲ್ಲಿನ ಗೋಡೆಯ ಬುಡದಲ್ಲಿ ನೈಲಾನ್ ದಾರ ಬೇಗ ಸವೆಯುವುದಾದರೂ ಲೋಹದ ಅಲಗಿಗಿಂತ ಅದೇ ಕ್ಷೇಮ. ಅಲಗು ಕಲ್ಲಿಗೆ ತಾಗಿದರೆ ಯಂತ್ರವೇ ಹಿಂದಕ್ಕೆ ಒದೆಯುತ್ತದೆ. ಬೇಲಿ ಕತ್ತರಿಸುವ ಯಂತ್ರ ದಾಸವಾಳಕ್ಕೆ ಅನುಕೂಲ, ಆದರೆ ಮೊದಲ ವರ್ಷವೇ ಬೇಡ. ಇಂಡಿಯ ಕಡೆಯ ಬಂಧುಗಳಿಗೆ ಹುಲ್ಲಿಗಿಂತ ನಿಂಬೆಗಿಡದ ಮುಳ್ಳುರೆಂಬೆಯ ಚಿಂತೆ; ಅವರು ಬ್ಯಾಟರಿಯ ರೆಂಬೆಕತ್ತರಿಯನ್ನು ನೋಡಬಹುದು. ಎಲೆ ಊದುವ ಯಂತ್ರ ಬೇಡವೇ ಬೇಡ. ಬ್ಯಾಟರಿಯನ್ನು ಅದರಂತೆ ಕುಡಿಯುವುದು ಬೇರೊಂದಿಲ್ಲ, ಹಿಡಿಸೂಡಿ ಇನ್ನೂ ನಮ್ಮಲ್ಲಿ ಸಿಗುತ್ತದೆ. ಕೈಗಾತ್ರದ ಸಣ್ಣ ಸರಪಳಿ ಗರಗಸ ಚೆಂದ ಕಾಣುತ್ತದೆ. ಒಂದೇ ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಕೊಂಬೆ ಹಿಡಿಯುವ ಅಭ್ಯಾಸದವರ ಕೈಗೆ ಅದನ್ನು ಕೊಡಬಾರದು. ಸೊಸೈಟಿಯಲ್ಲಿ ಕೆಲಸ ಮಾಡುವವರು ಇನ್ನೊಂದು ನೆನಪಿಡಬೇಕು: 1975ರ ಮಹಾರಾಷ್ಟ್ರದ ಮರಗಳ ರಕ್ಷಣೆಯ ಕಾಯಿದೆಯಂತೆ ಮುಂಬಯಿಯಲ್ಲಿ ಮರ ಕಡಿಯಲು ಅನುಮತಿ ಬೇಕು, ಕಾರ್ಯದರ್ಶಿಯ ಬಾಯಿಮಾತು ಸಾಲದು, ಕಾಗದ ನೋಡಿಯೇ ಗರಗಸ ಎತ್ತಬೇಕು.

ಒಂದು ಕಂಪನಿಯ ಬ್ಯಾಟರಿ ಇನ್ನೊಂದರ ಯಂತ್ರಕ್ಕೆ ಕೂಡುವುದಿಲ್ಲ. ಒಂದೇ ಕಂಪನಿಯಲ್ಲೂ ಎರಡು ಪಂಗಡಗಳಿರಬಹುದು: ಬಾಷ್‌ನ ಹಸಿರು ಬಣ್ಣದ 18 ವೋಲ್ಟಿನ ಬ್ಯಾಟರಿ ಅದರ ನೀಲಿ ಬಣ್ಣದ ಯಂತ್ರಕ್ಕೆ ಹೊಂದದು. ಆದುದರಿಂದ ಮೂರು ವರ್ಷದ ಮೇಲೆ ಇದೇ ಬ್ಯಾಟರಿ ಉಡುಪಿಯಲ್ಲೋ ಮಂಗಳೂರಿನಲ್ಲೋ ಸಿಗುವುದೇ ಎಂದು ಊರಿಗೆ ಫೋನು ಮಾಡಿ ಕೇಳಿಯೇ ಕೊಳ್ಳುವುದು ಉಚಿತ. ಮೂವರು ಅಣ್ಣತಮ್ಮಂದಿರ ಮನೆಗಳು ಅಕ್ಕಪಕ್ಕದಲ್ಲಿದ್ದರೆ ಮೂವರೂ ಒಂದೇ ಜಾತಿಯ ಬ್ಯಾಟರಿಗೆ ಒಪ್ಪಿದರೆ ಖರ್ಚು ಬಹಳ ಇಳಿಯುತ್ತದೆ. (ಅಣ್ಣತಮ್ಮಂದಿರು ಒಪ್ಪುವರೇ ಎಂಬುದು ಈ ಪಾಠದ ಹೊರಗಿನ ವಿಷಯ.)

ಸಾಗಿಸುವುದು ಹೇಗೆ? ಪೆಟ್ರೋಲು ತುಂಬಿದ ಯಂತ್ರವನ್ನು ರೈಲಿನಲ್ಲಿ ಒಯ್ಯುವುದು 1989ರ ರೈಲ್ವೆ ಕಾಯಿದೆಯ 164ನೆಯ ಕಲಮಿನಂತೆ ಅಪರಾಧ. ಮಂಗಳೂರಿಗೆ ವಿಮಾನದಲ್ಲಿ ಹೋಗುವವರು ಬಿಡಿ ಬ್ಯಾಟರಿಯನ್ನು ಕೈಚೀಲದಲ್ಲೇ ಇಡಬೇಕು, ಒಪ್ಪಿಸುವ ಸಾಮಾನಿನಲ್ಲಿ ಕೂಡದು. 100 ವಾಟ್-ಗಂಟೆಯವರೆಗೆ ಅಡ್ಡಿಯಿಲ್ಲ. 100ರಿಂದ 160ರವರೆಗಾದರೆ ವಿಮಾನ ಕಂಪನಿಯ ಅನುಮತಿ ಬೇಕು, ಅದೂ ಎರಡಕ್ಕೆ ಮಾತ್ರ. 18 ವೋಲ್ಟು 5 ಆಂಪಿಯರ್-ಗಂಟೆ 90 ಆಗಿ ದಾಟುತ್ತದೆ. 6 ಆದರೆ 108, ಅಲ್ಲಿ ತಡೆ. ಅಲಗುಳ್ಳ ಯಂತ್ರ ಸಾಮಾನಿನೊಡನೆ ಹೋಗಲಿ.

ಊರಿನ ಮನೆಗೆ ಬೀಗ ಹಾಕಿ ಬರುವವರಿಗೆ ದೊಡ್ಡ ನಷ್ಟ ಆಗುವುದು ಯಂತ್ರ ಇಡುವ ರೀತಿಯಲ್ಲಿ. ಮೇ ತಿಂಗಳಲ್ಲಿ ಬ್ಯಾಟರಿ ಬರಿದಾಗುವವರೆಗೆ ಕೆಲಸ ಮಾಡಿ ಹಾಗೆಯೇ ಮೂಲೆಗಿಟ್ಟರೆ, ಚೌತಿಗೆ ಹೋದಾಗ ಚಾರ್ಜರು ಅದನ್ನು ಗುರುತಿಸದೆಯೇ ಹೋಗಬಹುದು. ಲಿಥಿಯಂ ಬ್ಯಾಟರಿಯನ್ನು ಅರ್ಧ ತುಂಬಿಸಿ, ಯಂತ್ರದಿಂದ ಬಿಡಿಸಿ, ತಂಪಾದ ಒಣ ಜಾಗದಲ್ಲಿಡಬೇಕು. ಸಾಧ್ಯವಿದ್ದರೆ ಜೊತೆಯಲ್ಲೇ ತರಬೇಕು. ಔಷಧಿ ಹೊಡೆಯುವ 16 ಲೀಟರಿನ ಬೆನ್ನುಪಂಪಿನಲ್ಲಿ ಹಲವೆಡೆ 12 ವೋಲ್ಟಿನ ಸೀಸದ ಬ್ಯಾಟರಿ ಇರುತ್ತದೆ. ಅದರ ಸ್ವಭಾವ ತದ್ವಿರುದ್ಧ, ಪೂರ್ತಿ ತುಂಬಿಸಿಯೇ ಇಡಬೇಕು. ಒಂದಕ್ಕೆ ಅರೆಹೊಟ್ಟೆ, ಇನ್ನೊಂದಕ್ಕೆ ತುಂಬುಹೊಟ್ಟೆ ಎಂದು ಗೋಡೆಯ ಮೇಲೆ ಬರೆದಿಡಿ.

ಚಾರ್ಜು ಮಾಡುವುದು ಎಚ್ಚರವಿದ್ದಾಗ, ಕಲ್ಲಿನ ನೆಲದ ಮೇಲೆ. ಹಾಸಿಗೆಯ ಪಕ್ಕದಲ್ಲಿ, ಮುಂಬಯಿಯ ಹತ್ತಡಿಯ ಕೋಣೆಯ ಏಕೈಕ ಬಾಗಿಲಿನ ಬಳಿ ಎಂದಿಗೂ ಕೂಡದು. ಕೆಲಸ ಮುಗಿದೊಡನೆ ಬಿಸಿಯಿರುವಾಗಲೇ ಚಾರ್ಜಿಗೆ ಹಾಕಬಾರದು. ಯಂತ್ರದ ಹಣದಲ್ಲೇ ಕಣ್ಣಿನ ಕನ್ನಡಕ, ಮುಚ್ಚಿದ ಬೂಟು ಎರಡನ್ನೂ ಸೇರಿಸಿಕೊಳ್ಳಿ. ದಾರ ಎಸೆಯುವ ಸಣ್ಣ ಕಲ್ಲು ಕಣ್ಣನ್ನೇ ತೆಗೆದೀತು, ಊರಿನಲ್ಲಿ ತಂದೆಯವರು ಹವಾಯಿ ಚಪ್ಪಲಿಯಲ್ಲೇ ಹಿತ್ತಿಲಿಗಿಳಿಯುತ್ತಾರೆಂಬುದು ನಮಗೆ ಗೊತ್ತಿದೆ. ಉಬ್ಬಿದ ಅಥವಾ ಬಿದ್ದು ಒಡೆದ ಬ್ಯಾಟರಿಯನ್ನು ಮತ್ತೆ ಚಾರ್ಜು ಮಾಡಬಾರದು, ಕಸದ ಡಬ್ಬಿಗೂ ಎಸೆಯಬಾರದು. ಹಳೆಯದನ್ನು ಹಿಂದಕ್ಕೆ ಪಡೆದು ವಿಲೇವಾರಿ ಮಾಡಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಅದರ ಲೋಹದ ತುದಿಗಳಿಗೆ ಅಂಟುಪಟ್ಟಿ ಸುತ್ತಿ, ಕೊಂಡ ರಸೀದಿಯೊಡನೆ ಆ ಕಂಪನಿಯ ಸೇವಾ ಕೇಂದ್ರಕ್ಕೆ ಒಯ್ಯಿರಿ.